ಖೈರುನ್ನಿಸಾ ಆಪಾನ ಹೆಸರು

ಬಸ್ಸು ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ ಹತ್ತಿರವಾದಂತೆ ಒಣಮೆಣಸಿನಕಾಯಿಯ ಘಾಟು ಕಿಟಕಿಯಿಂದ ನುಗ್ಗುತ್ತದೆ. ಎಲ್ಲರಿಗೂ ಸೀನು ಬರುತ್ತದೆ. ನನಗೆ ಸೀನಿನ ಜೊತೆ ಸಿಟ್ಟೂ ಬರುತ್ತದೆ. ಏಕೆಂದು ಹೇಳುತ್ತೇನೆ, ಹೇಗೂ ದಾರಿ ಸಾಗಬೇಕಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಣ್ಣು ಕಾಣದ ಮಂದಿಯದೊಂದು ಇಮೇಲ್ ಬಳಗವಿದೆ. ಬಳಗದ ವಿಳಾಸಕ್ಕೆ ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತದೆ. ಫೋನು ಮೊದಲು ಬರೆದವರ ಹೆಸರು ಹೇಳಿ, ಆಮೇಲೆ ಪತ್ರ ಓದುತ್ತದೆ. ಅದನ್ನು ನಡೆಸುವವನು ನಾನು. ತಾರೀಖು ಹಾಕಿ ಡೈರಿ ಬರೆಯುವ ಚಟವೇ ನನ್ನ ಅರ್ಹತೆ. ಪ್ರತಿ ಪತ್ರದ ಕೊನೆಗೆ ‘ಕೇಳಿದವರು ಕೇಳದವರಿಗೂ ಹೇಳ್ರಿ’ ಎಂಬ ಸಾಲು ತಾನಾಗಿ ಸೇರುವಂತೆ ಮಾಡಿದ್ದೆ. ಅದಿಲ್ಲದೆ ಪತ್ರ ಮುಗಿಯಿತು ಎಂದು ಯಾರಿಗೂ ಅನಿಸುತ್ತಿರಲಿಲ್ಲ.

ಒಮ್ಮೆ ರಾಣೆಬೆನ್ನೂರಿನ ವೀರಪ್ಪ ಕಾಕಾ ಬರೆದರು: “ಬ್ಯಾಡಗಿ ಮೆಣಸಿನಕಾಯಿ ಬರೇ ಬಣ್ಣರಿ. ಕಣ್ಣ ಕಾಣದವರು ನಾವು, ಬಣ್ಣ ತಗೊಂಡು ಏನ್ ಮಾಡೂಣು?” ಬ್ಯಾಡಗಿಯ ಖೈರುನ್ನಿಸಾ ಆಪಾ ಬಿಡುತ್ತಾರೆಯೇ? ಉತ್ತರ ಬರೆದರು. ಮತ್ತೆ ಮತ್ತೆ ಬರೆದರು. ಕಾಕಾ ಚಕಾರ ಎತ್ತಲಿಲ್ಲ.

ಕೊನೆಗೆ ಆಪಾ ನನಗೆ ಫೋನು ಮಾಡಿದರು. “ತಮ್ಮಾ, ಅಣ್ಣಾರು ಸಿಟ್ಟಾಗ್ಯಾರ. ನಾ ಇನ್ನ ಬರಿಯಂಗಿಲ್ಲ. ನನ್ನ ಹೆಸರ ತಗದ ಬಿಡು.” ಮನೆಯಿಂದಾಚೆ ಅವರಿಗಿದ್ದ ಮಾತುಕತೆ ಈ ಬಳಗದ್ದೊಂದೇ.

ಕಾಕಾನನ್ನು ಕೇಳಿದೆ. “ನಾ ಯಾಕ ಸಿಟ್ಟಾಗ್ಲಿ? ಆಕಿ ಪತ್ರನ ಬಂದಿಲ್ಲ. ಯಾರದೂ ಬರವಲ್ದು. ಬಳಗಾನ ಬಂದ್ ಮಾಡೀಯೇನ?”

ಹುಡುಕಿದಾಗ ತಿಳಿಯಿತು. ಆಪಾನ ಇಮೇಲ್ ಕಂಪನಿ ಹೊಸ ಹುಕುಂ ಹೊರಡಿಸಿತ್ತು: ನಮ್ಮವರ ಪತ್ರಕ್ಕೆ ನಾವು ಹಾಕಿದ ಗುರುತಿನ ಮುದ್ರೆ ಒಡೆದಿದ್ದರೆ ಅದು ನಕಲಿ, ಒಳಗೆ ಬಿಡಬೇಡಿ. ಕೊನೆಗೆ ನನ್ನ ಆ ಒಂದು ಸಾಲು ಸೇರಿ ಪತ್ರ ಬದಲಾದೊಡನೆ ಮುದ್ರೆ ಒಡೆಯುತ್ತಿತ್ತು. ಕಾಕಾನ ಕಂಪನಿ ಹುಕುಂ ಪಾಲಿಸಿ ಪತ್ರಗಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿತು. ಪತ್ರ ಮೇಲಿಂದ ಮೇಲೆ ವಾಪಸಾದುದನ್ನು ಕಂಡ ನಮ್ಮ ಬಳಗದ ಯಂತ್ರ, ಈ ವಿಳಾಸ ಸತ್ತಿದೆ ಎಂದು ಕಾಕಾನನ್ನೇ ಕಿತ್ತುಹಾಕಿತ್ತು. ಬರೆದವಳು ಕಳ್ಳಿ, ಕೇಳಬೇಕಾದವನು ಸತ್ತವನು! ಕಳ್ಳರನ್ನು ತಡೆಯಲಿ, ಬೇಡವೆಂದವರು ಯಾರು? ಆದರೆ ಇಬ್ಬರಲ್ಲಿ ಒಬ್ಬರಿಗಾದರೂ ಒಂದು ಮಾತು ತಿಳಿಸಬಾರದಿತ್ತೇ?

ಆಪಾನ ಕಂಪನಿಯ ಸಲಹೆಯೂ ಇತ್ತು: ಎಲ್ಲ ಪತ್ರ ಬರೆದವರ ಹೆಸರಿನ ಬದಲು ಬಳಗದ ಹೆಸರಿನಲ್ಲೇ ಹೋಗಲಿ. ಕಾಕಾನನ್ನು ಮತ್ತೆ ಸೇರಿಸಿ ಹಾಗೇ ಮಾಡಿದೆ. ಮರುದಿನವೇ ಆಪಾ: “ಯಾರ ಬರದ್ರೂ ಫೋನು ‘ಬಳಗ, ಬಳಗ’ ಅಂತೈತಿ. ಹೆಸರ ತಗೀ ಅಂದ್ರ ಹಿಂಗ ತಗೀತಾರೇನೋ ತಮ್ಮಾ?”

ಮುಖ ಕಾಣದವರಿಗೆ ಹೆಸರೇ ಮುಖ. ಅದನ್ನೂ ಅಳಿಸು ಎನ್ನುವುದು ಯಾವ ಸುರಕ್ಷತೆ? ಅಂದೇ ನನ್ನ ಸಾಲನ್ನು ಕಿತ್ತುಹಾಕಿದೆ. ಮುದ್ರೆ ಉಳಿಯಿತು, ಹೆಸರು ಮರಳಿತು. ಡೈರಿಯಲ್ಲಿ ತಾರೀಖು ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಿನ್ನೆ ಬಸ್ಸಿನಲ್ಲಿ ಘಾಟು ಬಡಿಯುವ ಹೊತ್ತಿಗೆ ಫೋನು ಕಿವಿಯಲ್ಲಿ ಹೇಳಿತು: ಖೈರುನ್ನಿಸಾ. “ವೀರಪ್ಪಣ್ಣಾರ, ನಮ್ಮನಿಗೆ ಬಂದು ಚಟ್ನಿ ತಿಂದು ಆಮ್ಯಾಲ ಮಾತಾಡ್ರಿ.” ಕೊನೆಯಲ್ಲಿ, ಯಂತ್ರ ಸೇರಿಸದಿದ್ದ ಸಾಲನ್ನು ಅವರೇ ಬರೆದಿದ್ದರು: “ಕೇಳಿದವರು ಕೇಳದವರಿಗೂ ಹೇಳ್ರಿ. ಆ ಕಂಪನಿಯವರಿಗೂ ಒಂದೀಟು ಹೇಳ್ರಿ.”

ಅದಕ್ಕೇ ನಿಮಗೂ ಹೇಳಿದೆ.