ಝೀಬ್ರಾಗೆ ಸ್ನಾನ ಮಾಡಿಸುವ ಶೈಲಜಾ

ಬೆಳಿಗ್ಗೆ ಐದೂಮುಕ್ಕಾಲು. ಜುಲೈ ತಿಂಗಳ ನೈರೋಬಿ ಮಂಜಿನ ಮುಸುಕೆಳೆದು ಮಲಗಿದೆ. ಇಂಡಸ್ಟ್ರಿಯಲ್ ಏರಿಯಾದ ನಡುರಸ್ತೆಯಲ್ಲಿ, ಸ್ವೆಟರ್ ಮೇಲೆ ಸೆರಗು ಬಿಗಿದ ಶೈಲಜಾ ಕಡ್ಡಿ ಪೊರಕೆ ಹಿಡಿದು ಝೀಬ್ರಾಗೆ ಸ್ನಾನ ಮಾಡಿಸುತ್ತಿದ್ದಾರೆ. ಕಾಡಿನ ಝೀಬ್ರಾ ಅಲ್ಲ, ಜನ ರಸ್ತೆ ದಾಟುವ ಪಟ್ಟೆ. ಲಾರಿಗಳು ಹೊತ್ತು ತಂದ ಕೆಮ್ಮಣ್ಣಿನ ಕೆಸರು ಮೆತ್ತಿ ಅದು ಕೆಂಪು ಕತ್ತೆಯಾಗಿದೆ.

‘ಮಾಮಾ, ಸೋಪು ಬೇಡ್ವಾ?’ ಮಟಾಟು ಎಂಬ ಬಾಡಿಗೆ ವ್ಯಾನಿನ ಕಂಡಕ್ಟರ್ ಕೆಣಕುತ್ತಾನೆ. ಇಲ್ಲಿ ಮಾಮಾ ಎಂದರೆ ಅಮ್ಮ.

‘ಮೊದ್ಲು ಗಾಡಿ ನಿಲ್ಸಪ್ಪ, ನಿಂಗೂ ಹಚ್ತೀನಿ!’ ಶೈಲಜಾ ಗದರುವುದು ಅಪ್ಪಟ ಕನ್ನಡದಲ್ಲಿ. ಗಾಡಿ ನಿಲ್ಲುತ್ತದೆ. ಪೊರಕೆಗೆ ಭಾಷಾಂತರ ಬೇಕಿಲ್ಲ.

ಚನ್ನಪಟ್ಟಣದ ಶೈಲಜಾಗೆ ಐವತ್ತೆರಡು. ಹನ್ನೊಂದು ವರ್ಷಗಳಿಂದ ಇಲ್ಲಿನ ಔಷಧಿ ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸುತ್ತಿದ್ದಾರೆ. ಕಳೆದ ವರ್ಷ, 2005ರ ಜೂನ್‌ನಲ್ಲಿ, ಜೊತೆಗೆ ಅಡುಗೆ ಮಾಡುವ ವಂಬುಯಿ ಅವರಿಗೆ ಇದೇ ಪಟ್ಟೆಯ ಮೇಲೆ ಪಿಕಪ್ ಗುದ್ದಿ ಕಾಲು ಮುರಿಯಿತು. ಗೆರೆ ಕಾಣಲಿಲ್ಲ ಎಂದ ಡ್ರೈವರ್.

‘ಸರಿ, ಕಾಣೋ ಹಾಗೆ ಮಾಡೋಣ ಅಂದ್ಕೊಂಡೆ. ಅಷ್ಟೇ,’ ಎನ್ನುತ್ತಾರೆ ಶೈಲಜಾ. ಅಂದಿನಿಂದ ದಿನವೂ ಹನ್ನೆರಡು ಪಟ್ಟೆ, ಒಂಬತ್ತು ಬಕೆಟ್ ನೀರು. ಆರೂವರೆ ಪಾಳಿಗೆ ಇಲ್ಲಿ ನಡೆದು ದಾಟುವವರು ನಾನೂರು ಮಂದಿ.

ನಿನ್ನೆ ಮ್ಯಾನೇಜರ್ ದ್ವಾರಕಾನಾಥ್ ಗೇಟಿನಲ್ಲೇ ತಡೆದರು. ಸಿರಿವಂತರ ಬಡಾವಣೆ ಕರೆನ್‌ನಿಂದ ಕಾರಿನಲ್ಲಿ ಬರುವ ಅವರು ಪಟ್ಟೆಯ ಮುಂದೆ ನಿಲ್ಲಿಸಿದ ದಾಖಲೆಯಿಲ್ಲ.

‘ಶೈಲಜಮ್ಮ, ರಸ್ತೆ ಕೌನ್ಸಿಲ್‌ದು. ನಾಳೆಯಿಂದ ನಮ್ಮ ನಲ್ಲಿ ನೀರು ಮುಟ್ಬೇಡಿ. ಈ ಫಾಗ್‌ನಲ್ಲಿ ಪಟ್ಟೆ ಯಾರಿಗ್ರೀ ಕಾಣತ್ತೆ? ನನ್ನ ಕಾರು ನಿಲ್ಲಿಸಿ ತೋರ್ಸಿ, ನೀರೇನು, ಪೇಂಟೇ ಕೊಡಿಸ್ತೀನಿ.’

ಇವತ್ತಿನ ನೀರು ಕೈಗಾಡಿಯವನಿಂದ ಕೊಂಡದ್ದು. ತೊಳೆದಾಯಿತು. ಗೋಣಿಚೀಲದಿಂದ ನೆಲ ಒರೆಸಿ, ಪಟ್ಟೆಯ ಮುಂದೆ ಶೈಲಜಾ ಎಂಟೆಸಳಿನ ರಂಗೋಲಿ ಬಿಡಿಸುತ್ತಾರೆ, ನಡುವೆ ಅರಿಸಿನ ಕುಂಕುಮ. ಮಟಾಟುಗಳು ಎರಡು ಸಲ ತುಳಿದು ಹೋಗುತ್ತವೆ. ಮೂರನೇ ಸಲ ಬಿಡಿಸುತ್ತಾರೆ.

ಆರೂಕಾಲಿಗೆ ಮಂಜಿನೊಳಗಿಂದ ಕಾರು ಬರುತ್ತದೆ. ಕೀಚ್! ರಂಗೋಲಿಗೆ ಒಂದು ಗೇಣು ಮೊದಲೇ ಚಕ್ರಗಳು ಕಚ್ಚಿಕೊಂಡು ನಿಲ್ಲುತ್ತವೆ.

‘ಏನ್ರೀ ಇದು, ರಸ್ತೆ ಮಧ್ಯೆ ರಂಗೋಲಿ! ಹೇಗ್ರೀ ತುಳಿಯೋದು?’ ದ್ವಾರಕಾನಾಥ್ ಕಿಟಕಿಯಿಂದ ತಲೆ ಹಾಕುತ್ತಾರೆ.

‘ತುಳೀಬೇಡಿ ಸಾರ್. ಜನ ದಾಟ್ಲಿ.’

ಜನ ದಾಟುತ್ತಾರೆ. ಮುಂದೆ ಕೋಲೂರಿಕೊಂಡು ವಂಬುಯಿ. ‘ಅಸಾಂಟೆ, ಬಾಸ್!’ ಎಂದು ಧನ್ಯವಾದ ಹೇಳಿ ಕೈಬೀಸುತ್ತಾರೆ. ದ್ವಾರಕಾನಾಥ್ ಕಾರು ಹಿಂದೆ ಸರಿಸೋಣವೆಂದರೆ ಬೆನ್ನಿಗೇ ಮಟಾಟು ಹಾರ್ನ್ ಬಾರಿಸುತ್ತಿದೆ.

‘ಮೊಳದಗಲದ ರಂಗೋಲಿ ಕಾಣತ್ತೆ, ಮಾರುದ್ದದ ಪಟ್ಟೆ ಕಾಣಲ್ವಾ ಸಾರ್?’

ದ್ವಾರಕಾನಾಥ್ ರಂಗೋಲಿ ನೋಡುತ್ತಾರೆ, ಪಟ್ಟೆ ನೋಡುತ್ತಾರೆ. ‘ಎಷ್ಟು ಡಬ್ಬ ಬೇಕ್ರೀ ಪೇಂಟು?’

‘ನಾಲ್ಕು ಸಾರ್. ಮಳೆಗಾಲಕ್ಕೆ ಇನ್ನೂ ನಾಲ್ಕು.’

ಕಾರ್ಖಾನೆ ಗೇಟಿನ ಕಾವಲುಗಾರ ನಗುತ್ತಾನೆ, ವಂಬುಯಿ ನಗುತ್ತಾರೆ, ನಡುರಸ್ತೆಯಲ್ಲೇ ನಿಂತ ಪಾಳಿಯವರೆಲ್ಲ ನಗುತ್ತಾರೆ. ಸ್ಟೀರಿಂಗ್ ಗುದ್ದಿ, ಕಣ್ಣೀರು ಒರೆಸಿಕೊಂಡು, ಮಟಾಟುವಿನ ಹಾರ್ನೂ ಕೇಳದಷ್ಟು ಜೋರಾಗಿ ನಗುತ್ತಿರುವವರು ದ್ವಾರಕಾನಾಥ್.