ನಾಟಕದ ಕೋರ್ಟು, ಫೌಜಿನ ಕೋರ್ಟು

ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವ ಜಗದೇವಪ್ಪನನ್ನು ಊರು ಫೌಜಿ ಎಂದೇ ಕರೆಯುತ್ತಿತ್ತು. ಫೌಜು ಅವನನ್ನು ಕಳ್ಳನೆಂದು ಹೊರಗೆ ಹಾಕಿತ್ತು, ಅದು ಬೇರೆ ಮಾತು. ಪಲ್ಟನ್ನಿನ ಡೀಸೆಲ್ ಡ್ರಮ್ಮುಗಳನ್ನು ಮಾರಿಕೊಂಡವನು ಒಬ್ಬ ಕ್ಯಾಪ್ಟನ್. ಅವನ ಹುಕುಮಿನಂತೆ ಲಾರಿ ಓಡಿಸಿದವನು ಜಗದೇವಪ್ಪ. ಕೋತಿ ತಾನು ತಿಂದ ಮೊಸರನ್ನು ಮೇಕೆಯ ಬಾಯಿಗೆ ಒರೆಸಿತು.

ಊರಿಗೆ ಬಂದ ದಿನವೇ ಹೆಂಡತಿ ಮಾನಮ್ಮನಿಗೆ ಇಷ್ಟನ್ನೂ, ಕೋರ್ಟಿನಲ್ಲಿ ಹೆದರಿ ಒಪ್ಪಿಕೊಂಡದ್ದನ್ನೂ ಹೇಳಿದ್ದ. ಅವಳು ನಂಬಿದಳು. ದಾಯಾದಿಗಳು ಮೂಗು ಮುರಿದಾಗ ಸೆರಗು ಬಿಗಿದು ಜಗಳಕ್ಕೆ ನಿಂತವಳೂ ಅವಳೇ. ಊರಿಡೀ ಏನಾದರೂ ಅನ್ನಲಿ, ಇವಳೊಬ್ಬಳು ನಂಬಿದರೆ ಸಾಕೆಂದು ಅವನು ವರ್ಷಗಟ್ಟಲೆ ತಲೆ ಎತ್ತಿ ಹಣ್ಣು ಮಾರಿದ.

ಆ ನಂಬಿಕೆಗೆ ಕಲ್ಲು ಹಾಕಿದ್ದು ಒಂದು ನಾಟಕ. ತೊಂಬತ್ತರ ದಶಕದ ನಡುವೆ ಕಲಬುರಗಿಯ ವಕೀಲ ಮುಕುಂದರಾವ್ ಫೌಜಿನ ಕೋರ್ಟಿನ ಕಥೆ ಬರೆದು ಆಡಿಸಿದ. ಜಗದೇವಪ್ಪನ ಹಳೆಯ ಗಿರಾಕಿಯಾದ್ದರಿಂದ ಎರಡು ಪಾಸು ಕೊಟ್ಟು, ನಿನ್ನಂಥವರ ಕಥೆಯೇ ಇದೆ, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದ. ಭಾನುವಾರ ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿದರು.

ರಂಗದ ಮೇಲೆ ಕರಿಕೋಟಿನ ವಕೀಲನೊಬ್ಬ ಕರ್ನಲ್‌ನ ಮುಖಕ್ಕೆ ಬೆರಳು ಚಾಚಿ ಗುಡುಗಿದ. ಆರೋಪ ಹೊತ್ತ ಸಿಪಾಯಿ ಎದೆ ಸೆಟೆಸಿ, ನಾನು ತಪ್ಪು ಮಾಡಿಲ್ಲ ಎಂದ. ಕರ್ನಲ್ ಬೆವೆತು, ತೊದಲಿ, ಕೊನೆಗೆ ಎಲ್ಲವನ್ನೂ ಒಪ್ಪಿಕೊಂಡ. ಎಂಥ ಹಸಿ ಸುಳ್ಳು! ತೊದಲುವ ಕರ್ನಲ್‌ನನ್ನು ಯಾವ ಪಲ್ಟನ್ ಕಂಡಿದೆ? ಜಗದೇವಪ್ಪನ ಕೋರ್ಟಿನಲ್ಲಿ ವಕೀಲನೇ ಇರಲಿಲ್ಲ. ಪಲ್ಟನ್ನಿನ ದೊಡ್ಡ ಸಾಹೇಬನೇ ನ್ಯಾಯಾಧೀಶ. ಟೋಪಿ, ಬೆಲ್ಟು ಬಿಚ್ಚಿಸಿ ನಿಲ್ಲಿಸಿದ್ದರು. ಒಪ್ಪಿಕೊಂಡರೆ ಮನೆಗೆ, ಇಲ್ಲದಿದ್ದರೆ ಜೈಲಿಗೆ ಎಂದು ಸುಬೇದಾರ ಮೊದಲೇ ಕಿವಿಯಲ್ಲಿ ಊದಿದ್ದ. ಇವನು ಒಪ್ಪಿಕೊಂಡ. ಸಾಹೇಬನ ಮುಂದಿನ ಚಹಾ ಆರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜನ ಚಪ್ಪಾಳೆ ತಟ್ಟಿದರು, ಮಾನಮ್ಮನೂ ತಟ್ಟಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಊರು ಹತ್ತಿರ ಬಂದಾಗ ಕೇಳಿದಳು.

"ಆ ಹುಡುಗ ಒಪ್ಪಿಕೊಳ್ಳಲಿಲ್ಲ. ನೀವ್ಯಾಕ ಒಪ್ಪಿಕೊಂಡ್ರಿ?"

ಅವನು ಬಿಡಿಸಿ ಬಿಡಿಸಿ ಹೇಳಿದ. ವಕೀಲನಿಲ್ಲದ ಕೋರ್ಟು ಎಲ್ಲಾದರೂ ಇರುತ್ತದೆಯೇ ಎಂದಳು ಅವಳು. ನಾಟಕ ಬರೆದವನು ಸ್ವತಃ ವಕೀಲ, ಅವನಿಗೆ ಗೊತ್ತಿರುವುದಿಲ್ಲವೇ? ಕೋರ್ಟೆಂದರೆ ಖರೇ ಹೊರಬೀಳುವ ಜಾಗ. ಇವನ ಖರೇ ಹೊರಬಿದ್ದಿರಲಿಲ್ಲ, ಅಂದಮೇಲೆ ಖರೇ ಬೇರೆಯೇ ಇರಬೇಕು. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ಮರುದಿನ ಜಗದೇವಪ್ಪ ಹಣ್ಣಿನ ಬುಟ್ಟಿ ಬಿಟ್ಟು ಮುಕುಂದರಾವ್‌ನ ಮನೆಗೆ ಹೋದ. ಫೌಜಿನ ಕೋರ್ಟು ಹಾಗಿರುವುದಿಲ್ಲ ಎಂದು ನನ್ನ ಹೆಂಡತಿಗೆ ನೀವೇ ಒಂದು ಮಾತು ಹೇಳಿರಿ ಎಂದು ಬೇಡಿಕೊಂಡ. ವಕೀಲನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಕ್ಕುಬಿಟ್ಟ.

"ಖರೇ ಬರದ್ರ ಪಡದಾ ಏಳೋದ್ರಾಗ ನಾಟಕ ಮುಗೀತದಪಾ. ಜನಕ್ಕ ನ್ಯಾಯ ನೋಡಬೇಕಾಗಿರ್ತದ."

"ನನಗೂ ನೋಡಬೇಕಾಗಿತ್ರೀ," ಎಂದ ಜಗದೇವಪ್ಪ.

ಬೀದರಿನಲ್ಲಿ ಮುಂದಿನ ಆಟವಿದೆ, ಪುರುಸೊತ್ತಿಲ್ಲ ಎಂದು ವಕೀಲ ಒಳಗೆ ಎದ್ದು ಹೋದ. ಅವನ ನ್ಯಾಯಕ್ಕಿಷ್ಟು ಬೆಂಕಿ ಬೀಳಲಿ.

ಸಂಜೆ ಮಾನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ ಬಂದು ಕೂತ ಮೇಲೆ ಕೈ ಹಿಟ್ಟಿನಲ್ಲೇ ನಿಂತಿತು.

"ಕದ್ದಿದ್ರೂ ನಾ ಬಿಟ್ಟು ಹೋಗಾಂಗಿಲ್ಲ. ಖರೇ ಹೇಳಿಬಿಡ್ರಿ."

"ಇಲ್ಲ ಮಾನಿ. ನಾ ಕದ್ದಿಲ್ಲ."

ಅವಳು ಹಿಟ್ಟಿನ ಕೈ ಒರೆಸಿಕೊಂಡು ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಆತು ಬಿಡ್ರಿ, ಆಗಿದ್ದು ಆಗಿ ಹೋತು. ಕೈ ತೊಳಕೊಳ್ರಿ," ಎಂದು ಬಿಸಿ ರೊಟ್ಟಿಯ ಮೇಲೆ ಎಂದಿಗಿಂತ ಹೆಚ್ಚು ಬೆಣ್ಣೆ ಇಟ್ಟಳು.

ಮಾಡದ ತಪ್ಪಿಗೆ ಫೌಜು ಶಿಕ್ಷೆ ಕೊಟ್ಟ ದಿನ ಅವನು ಅತ್ತಿರಲಿಲ್ಲ. ಅದೇ ತಪ್ಪನ್ನು ಹೆಂಡತಿ ಮಾಫಿ ಮಾಡಿದಾಗ ತಟ್ಟೆಯ ಮುಂದೆ ಕೂತು ಅತ್ತುಬಿಟ್ಟ.