ಒಗ್ಗರಣೆ ಹಾಕದ ಬೀದಿ

ಎದುರಿನ ಫ್ಲಾಟಿನ ಬಾಗಿಲಿಗೆ ಬೆಳಿಗ್ಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಮಗುವಿಗೆ ಚಿಕನ್‌ಪಾಕ್ಸ್ ಅಂತೆ. ಆ ಕಹಿ ವಾಸನೆ ನನ್ನನ್ನು ಸುದ್ದಗುಂಟೆಪಾಳ್ಯದ ನಮ್ಮ ಹಳೆಯ ಬೀದಿಗೆ ಎಳೆದೊಯ್ದಿತು.

ಆಗ ಬರುತ್ತಿದ್ದುದು ಸಿಡುಬು. ಪಾತ್ರೆಗೆ ಕಲಾಯಿ ಹಾಕುವ ಸಾಬರ ಮಗಳು, ನನ್ನ ಗೆಳತಿ ಜೈಬು, ಹಾಸಿಗೆ ಹಿಡಿದಿದ್ದಳು. ಸಿಡುಬಾದವರಿಗೆ ಒಗ್ಗರಣೆಯ ವಾಸನೆ ತಾಕಬಾರದೆಂಬುದು ನಮ್ಮವರ ನಂಬಿಕೆ. ನಮ್ಮಜ್ಜಿ ಮನೆಮನೆಗೆ ಹೋಗಿ, "ಆ ಮಗು ಏಳೋವರ್ಗೂ ಯಾರೂ ಒಗ್ಗರಣೆ ಹಾಕ್ಬೇಡಿ" ಎಂದಳು.

"ಅವ್ರಿಗ್ಯಾಕೆ ನಮ್ ಶಾಸ್ತ್ರ?" ಎಂದಳು ಪಕ್ಕದ ಮನೆಯಾಕೆ.

"ಮೈಯುರಿಗೆ ಜಾತಿ ಇದ್ಯಾ?" ಎಂದು ಅಜ್ಜಿ ಗದರಿದಳು.

ಇಡೀ ಬೀದಿ ಸಪ್ಪೆ ಸಾರು ಉಂಡಿತು. ಅಜ್ಜಿಯ ಮುಖದ ತುಂಬ ಹಳೆಯ ಸಿಡುಬಿನ ಕಲೆ. ತನಗೆ ಮತ್ತೆ ತಗಲುವುದಿಲ್ಲವೆಂದು ಅವಳೇ ದಿನವೂ ಹೋಗಿ ಜೈಬುಗೆ ಗಂಜಿ ಕುಡಿಸಿ, ಬೇವಿನ ಸೊಪ್ಪಿನಿಂದ ಗಾಳಿ ಬೀಸಿ ಬರುತ್ತಿದ್ದಳು.

ಒಂಬತ್ತನೆಯ ದಿನ ನಾನು ಸಪ್ಪೆ ಸಾರು ಬೇಡವೆಂದು ರಚ್ಚೆ ಹಿಡಿದೆ. ಅಮ್ಮ ಸೋತು, ಕಿಟಕಿ ಮುಚ್ಚಿ, ಚಿಟಿಕೆ ಸಾಸಿವೆ ಸಿಡಿಸಿದಳು. ಎರಡು ಸಲ ಬಡಿಸಿಕೊಂಡು ಉಂಡೆ. ಸಂಜೆ ಅಜ್ಜಿ ಬಂದವಳೇ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಜೈಬು ಹೋಗಿಬಿಟ್ಟಿದ್ದಳು.

ಒಗ್ಗರಣೆಯ ವಿಷಯ ಹೇಳಿ, "ನನ್ನಿಂದ್ಲೇನಾ ಅಜ್ಜಿ?" ಎಂದು ಅತ್ತೆ.

"ಸಾಸಿವೆಯಿಂದ ಯಾರೂ ಸಾಯಲ್ಲ ಕಣೇ" ಎಂದಳು. ಸೆರಗಿನಿಂದ ನನ್ನ ಕಣ್ಣೊರೆಸಿ, "ಆದ್ರೆ ಅವಳಮ್ಮಂಗೂ ಆ ವಾಸನೆ ಬಂತು" ಎಂದಳು.

ಈಗ ಸೊಸೆ ಬಾಣಲೆ ಇಟ್ಟಿದ್ದಾಳೆ. ಇವತ್ತು ಬೇಡವೆಂದರೆ, "ಎದುರುಮನೆಯವ್ರು ಯಾರು ಅಂತಾನೇ ನಮಗೆ ಗೊತ್ತಿಲ್ವಲ್ಲ ಅತ್ತೆ" ಎನ್ನುತ್ತಾಳೆ.

ನಾನು ಎದ್ದು ಹೋಗಿ ಒಲೆ ಆರಿಸಿದೆ.